ಹದಿನಾಲ್ಕನೇ ರೀಲು

"ನಿಮ್ಮ ಗ್ವಾಡಿ ಮ್ಯಾಲ ಬರದದ್ದು ಸುಳ್ಳ ಅದರಿ."

ಸಾಯಬಮ್ಮ ಈ ಮಾತನ್ನು ಗೋಡೆ ನೋಡುತ್ತಲೇ ಹೇಳಿದಳು. ಪಕ್ಕದಲ್ಲಿ ನಿಂತವನು ತಿರುಗಿ ನೋಡಲು ಯೋಗ್ಯ ಎಂದು ಅವಳಿಗೆ ಇನ್ನೂ ಅನಿಸಿರಲಿಲ್ಲ.

ನಿಂತವನ ಹೆಸರು ತಾಯಪ್ಪ. ಮೂವತ್ತರ ಹತ್ತಿರದ ವಯಸ್ಸು, ಮೊಳಕೈವರೆಗೆ ತೋಳು ಮಡಚಿದ ಅಂಗಿ, ಕೈಯಲ್ಲಿ ತಾಮ್ರದ ತಂತಿಯ ಸುರುಳಿ, ಉಗುರಿನ ತುಂಬ ವಾರ್ನಿಷ್. ಸುರಪುರದ ಗುಡ್ಡದ ಬುಡದಲ್ಲಿ ಒಂದು ಕಾಲಕ್ಕೆ ಟೆಂಟ್ ಟಾಕೀಸ್ ಇದ್ದ ಜಾಗದಲ್ಲಿ ಈಗ ತಗಡಿನ ಶೆಡ್ಡು. ಅದರ ಮುಂದಿನ ಅರ್ಧದಲ್ಲಿ ಅವನು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ. ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ ಜೋಳ ಬಿತ್ತುತ್ತಿದ್ದವರೆಲ್ಲ ಭತ್ತಕ್ಕೆ ಬಿದ್ದಿದ್ದರು. ಭತ್ತಕ್ಕೆ ಬಿದ್ದವರೆಲ್ಲ ಪಂಪು ತಂದಿದ್ದರು. ತಂದ ಪಂಪುಗಳೆಲ್ಲ ವರ್ಷಕ್ಕೆರಡು ಸಲ ಸುಡುತ್ತಿದ್ದವು. ತಾಯಪ್ಪನಿಗೆ ಕೆಲಸದ ಕೊರತೆ ಇರಲಿಲ್ಲ.

ಶೆಡ್ಡಿನ ಹಿಂದಿನ ಅರ್ಧ ಮ್ಯೂಸಿಯಂ. 'ಚಂಪಾಳ ಹರಗೋಲು' ಎಂಬ ಒಂದೇ ಒಂದು ಹಳೆಯ ಸಿನಿಮಾಕ್ಕೆ ಮೀಸಲಾದ ಮ್ಯೂಸಿಯಂ!

ಏನಿತ್ತು ಅದರೊಳಗೆ? ಬಣ್ಣ ಉದುರಿದ ಒಂದು ಹರಗೋಲು. ಅದರಲ್ಲಿ ನಾಯಕಿ ಕೂತಿದ್ದಳಂತೆ. ಹಲ್ಲು ಮುರಿದ ಒಂದು ಬಾಚಣಿಗೆ. ಅದರಿಂದ ನಾಯಕಿ ತಲೆ ಬಾಚಿದ್ದಳಂತೆ. ಗಾಜಿನ ಪೆಟ್ಟಿಗೆಯಲ್ಲಿ ಹಳದಿಯಾದ ಸಿನಿಮಾ ಹಾಡಿನ ಪುಸ್ತಕಗಳು, ಹರಿದ ಟಿಕೆಟಿನ ಕಟ್ಟುಗಳು, ಮಸಿ ಹಿಡಿದ ಪ್ರೊಜೆಕ್ಟರು. ಗೊಬ್ಬರದ ಚೀಲ ಕೊಳ್ಳಲು ಸುರಪುರಕ್ಕೆ ಬಂದ ಜನ ಬಸ್ಸು ತಪ್ಪಿದರೆ ಇಲ್ಲಿಗೆ ಬರುತ್ತಿದ್ದರು. ಬಾಚಣಿಗೆಯ ಮುಂದೆ ಕೈಮುಗಿದು ನಿಂತ ಒಬ್ಬ ಗಂಡಸನ್ನು ಸಾಯಬಮ್ಮ ಈಗಷ್ಟೇ ಕಂಡಿದ್ದಳು. 'ಇಂಥವರಿಗೆ ಇಂಥದೇ ಮ್ಯೂಸಿಯಂ...' ಎಂದುಕೊಂಡಿದ್ದಳು.

ಗೋಡೆಯ ಮೇಲೆ ಎಣ್ಣೆಬಣ್ಣದಲ್ಲಿ ಸಿನಿಮಾದ ಕಥೆ ಬರೆದಿತ್ತು. ಕೊನೆಯ ಸಾಲು ಹೀಗಿತ್ತು: ಹನ್ನೆರಡು ವರ್ಷ ದಾರಿ ಕಾಯ್ದ ಚಂಪಾಳ ಬಳಿಗೆ ಗಂಡನು ಹಿಂದಿರುಗಿದನು. ಸತಿಪತಿಗಳು ಒಂದಾದರು. ಶುಭಂ.

"ಯಾವುದು ಸುಳ್ಳರಿ?" ತಾಯಪ್ಪ ಕೇಳಿದ.

"ಕಡೀ ಸಾಲು. ಅವರು ಒಂದಾಗಂಗಿಲ್ಲ. ಗಂಡ ಬರ್ತಾನ, ಆದ್ರ ಅಕಿ ಅವನ್ನ ಒಳಗ ಕರಕೊಳ್ಳಂಗಿಲ್ಲ. ಗುಲಬರ್ಗಾದಾಗ ಟೀಚರ್ ಟ್ರೇನಿಂಗ್ ಮಾಡುಮುಂದ ಹಾಸ್ಟೆಲಿನ ಟೀವ್ಯಾಗ ನಾ ಕಣ್ಣಾರೆ ನೋಡೀನಿ."

ತಾಯಪ್ಪ ಮೆತ್ತಗೆ ತಂತಿಯ ಸುರುಳಿಯನ್ನು ಕೆಳಗಿಟ್ಟ. ದೇವಾಪುರದಿಂದ ಮುದನಾಳದವರೆಗೆ ಯಾರನ್ನು ಬೇಕಾದರೂ ಕೇಳಿ, ಈ ಸಿನಿಮಾ ಹೇಗೆ ಮುಗಿಯುತ್ತದೆಂದು ಚಿಕ್ಕ ಮಕ್ಕಳೂ ಹೇಳುತ್ತವೆ ಎಂದ. ಇಡೀ ತಾಲೂಕು ಇದೇ ಟೆಂಟಿನಲ್ಲಿ ಕೂತು ನೋಡಿದೆ ಎಂದ. ಇಡೀ ತಾಲೂಕಿನ ಬುದ್ಧಿ ಎಷ್ಟು ಎಂಬುದು ತನಗೆ ಗೊತ್ತಿದೆ ಎಂದು ಸಾಯಬಮ್ಮ ಹೇಳಿದಳು.

ಅವನು ನಕ್ಕ. ಆ ನಗು ಅವಳಿಗೆ ಹಿಡಿಸಲಿಲ್ಲ. ಅವಮಾನ ಮಾಡಿದರೆ ಜನ ಸಿಟ್ಟಾಗಬೇಕು. ಇವನೇಕೆ ಹೀಗೆ, ಒಳ್ಳೆಯ ಸುದ್ದಿ ಕೇಳಿದವನ ಹಾಗೆ ನಗುತ್ತಾನೆ?

ಅವಳ ಕಣ್ಣು ಕಪಾಟಿನ ಕಡೆ ಹೋಯಿತು. ರೀಲಿನ ತಗಡಿನ ಡಬ್ಬಿಗಳು ಸಾಲಾಗಿದ್ದವು. ಪಕ್ಕದಲ್ಲೇ ಕಟ್ಟು ಹಾಕಿಸಿ ತೂಗುಬಿಟ್ಟ ಸೆನ್ಸಾರ್ ಸರ್ಟಿಫಿಕೇಟು. ಅವಳು ಎರಡನ್ನೂ ನೋಡಿದಳು. ಮತ್ತೊಮ್ಮೆ ನೋಡಿದಳು.

"ಈ ಕಾಗದದಾಗ ಹದಿನಾಲ್ಕು ರೀಲು ಅಂತ ಬರದಾರ. ಇಲ್ಲಿ ಡಬ್ಬಿ ಹದಿಮೂರೇ ಅದಾವ."

ತಾಯಪ್ಪನ ನಗು ನಿಂತಿತು.

"ಒಂದು... ಗೆದ್ದಲ ತಿಂದಾವರಿ."

"ತಗಡಿನ ಡಬ್ಬಿ ಕೊರದು? ಅದೂ ಸರೀ ಕಡೀ ರೀಲೇ ತಿಂದಾವ. ನಿಮ್ಮೂರ ಗೆದ್ದಲಿಗೂ ಕತಿ ಗೊತ್ತಿತ್ತೇನ್ರಿ?"

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಟಿಕೆಟು ಹರಿದು ಕೊಡುತ್ತಿದ್ದ ಮುದುಕ ತಲೆ ಎತ್ತಿದ. ಅವನು ದಸ್ತಗೀರಸಾಬ, ಆ ಟೆಂಟಿನ ಹಳೆಯ ಆಪರೇಟರ್. ತಾಯಪ್ಪನಿಗೆ ಪ್ರೊಜೆಕ್ಟರ್ ಕಲಿಸಿದ ಉಸ್ತಾದ. ತಾಯಪ್ಪ ಒಮ್ಮೆ ಆ ಕಡೆ ನೋಡಿದ, ಮತ್ತೆ ಇವಳ ಕಡೆ ನೋಡಿದ.

ಗಂಡಸರು ಏನೂ ಹೇಳದೆ ನಿಲ್ಲುವ ಆ ರೀತಿ ಸಾಯಬಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಅವಳಲ್ಲಿ ಒಂದೇ ಉತ್ತರವಿತ್ತು. ಬೆನ್ನು ಹಾಕಿ ಹೊರಟುಬಿಟ್ಟಳು.

ಬಸ್ಸಿನಲ್ಲಿ ಕೂತ ಮೇಲೆ ಅವಳು ದಿನ ಎಣಿಸಿದಳು. ಇವತ್ತು ಸೋಮವಾರ. ಶುಕ್ರವಾರಕ್ಕೆ ಇನ್ನು ನಾಲ್ಕೇ ದಿನ...

* * *

ಶುಕ್ರವಾರ ಅವಳ ಅಪ್ಪ ಬರುವವನಿದ್ದ.

ಅಪ್ಪ ಎಂಬುದು ಅವಳಿಗೆ ಒಂದು ಫೋಟೋ ಕೂಡ ಅಲ್ಲ. ಅವಳು ಮೂರು ವರ್ಷದವಳಿದ್ದಾಗ ಈಶಪ್ಪ ಸೊಲ್ಲಾಪುರದ ಮಿಲ್ಲಿಗೆಂದು ಹೋದ. ಎರಡು ವರ್ಷ ಕಾಗದ ಬಂದವು, ಆಮೇಲೆ ಇಲ್ಲ. ಅಲ್ಲಿ ಇನ್ನೊಂದು ಮನೆ ಮಾಡಿದ್ದಾನೆಂದು ಹೋಗಿಬಂದವರು ಹೇಳಿದರು. ಅವ್ವ ಹಣಮಮ್ಮ ಆಗ ಇಪ್ಪತ್ತೇಳರ ಹೆಣ್ಣು. ಉಡಿಕಿ, ಅಂದರೆ ಮರುಮದುವೆ, ಮಾಡಿಕೊಂಡು ಹೊಸ ಸಂಸಾರ ಹೂಡಲು ಅವರ ಕುಲದಲ್ಲಿ ಅಡ್ಡಿಯಿರಲಿಲ್ಲ. ಹತ್ತಿಕುಣಿಯ ಒಬ್ಬ ಸಂಭಾವಿತ ಗಂಡಸು ಸೀರೆ ತಂದು ಮನೆ ಬಾಗಿಲಲ್ಲಿ ಕೂತಿದ್ದನಂತೆ. ಹಣಮಮ್ಮ ಆ ಸೀರೆ ಮುಟ್ಟಲಿಲ್ಲ. ಯಾಕೆಂದು ಕೇಳಿದವರಿಗೆ ಅವಳು ಹೇಳಿದ್ದು ಒಂದೇ ಮಾತು. "ಚಂಪಾ ಹನ್ನೆರಡು ವರ್ಷ ಕಾದಿಲ್ಲೇನು?"

ಊರು ಆ ಮಾತನ್ನು ಕೊಂಡಾಡಿತು. ಏಳು ಸಲ ಆ ಸಿನಿಮಾ ನೋಡಿದವಳು, ಪ್ರತಿ ಸಲವೂ ಕೊನೆಗೆ ಅತ್ತವಳು, ಪತಿವ್ರತೆ ಎಂದರೆ ಇವಳು ಎಂದಿತು. ಹೆಣ್ಣೊಬ್ಬಳು ತನ್ನ ಬದುಕನ್ನು ಹಾಳು ಮಾಡಿಕೊಂಡರೆ ಊರಿಗೆ ಎಷ್ಟು ಖುಷಿ! ಬೆಳೆಯುತ್ತ ಬಂದ ಸಾಯಬಮ್ಮನಿಗೆ ಊರನ್ನು ಕಂಡರೆ ತಾತ್ಸಾರ ಹುಟ್ಟಿತು, ಸಿನಿಮಾವನ್ನು ಕಂಡರೆ ಅಸಹ್ಯ ಹುಟ್ಟಿತು. ಅವ್ವನನ್ನು ಕಂಡರೆ... ಅದಕ್ಕೆ ಅವಳು ಹೆಸರಿಡಲು ಹೋಗಲಿಲ್ಲ. ಹೆಸರಿಟ್ಟರೆ ಅದೂ ತಾತ್ಸಾರವೇ ಆಗುತ್ತಿತ್ತು.

ಈಗ, ಅವನು ಹೋಗಿ ಇಪ್ಪತ್ತೊಂದು ವರ್ಷವಾದ ಮೇಲೆ, ಮತ್ತೆ ಕಾಗದ ಬಂದಿತ್ತು. ಮಿಲ್ಲು ಮುಚ್ಚಿತು, ಮೈಗೆ ಹುಷಾರಿಲ್ಲ, ಹೆಂಡತಿ ಮಗಳ ನೆನಪಾಗುತ್ತಿದೆ, ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಸುರಪುರಕ್ಕೆ ಬರುತ್ತೇನೆ. ಕಾಗದದ ತುದಿಯಲ್ಲಿ ಒಂದು ಸಾಲು: ನಮ್ಮ ಹೊಲಕ್ಕೂ ಕಾಲುವೆ ನೀರು ಹತ್ತಿದೆ ಎಂದು ಕೇಳಿ ಬಹಳ ಸಂತೋಷವಾಯಿತು.

'ನಮ್ಮ ಹೊಲ!' ಆ ಮೂರು ಎಕರೆ ಹಣಮಮ್ಮನ ತವರಿನವರು ಅರಿಶಿಣ ಕುಂಕುಮಕ್ಕೆಂದು ಅವಳಿಗೆ ಕೊಟ್ಟದ್ದು. ಬರೀ ಕಲ್ಲು ಏಳುತ್ತಿದ್ದ ನೆಲ. ಕಾಲುವೆ ಬಂದ ಮೇಲೆ ವರ್ಷಕ್ಕೆ ಎರಡು ಬೆಳೆ. ಇಷ್ಟು ವರ್ಷ ಹೆಂಡತಿಯನ್ನು ನೆನೆಯದ ಗಂಡ ನೀರನ್ನು ನೆನೆದಿದ್ದ.

ಸಾಯಬಮ್ಮ ಮನೆಗೆ ಬಂದಾಗ ಹಣಮಮ್ಮ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಮೂಲೆಯಲ್ಲಿ ಹೊಸ ಹಸಿರು ಇಳಕಲ್ ಸೀರೆ ಇತ್ತು. ಸಾಯಬಮ್ಮ ಚೀಲ ಕೂಡ ಕೆಳಗಿಡಲಿಲ್ಲ. ಅವಳು ಬಾಗಿಲಲ್ಲೇ ನಿಂತು ಹೇಳಿಬಿಟ್ಟಳು. ನೀನು ನೋಡಿದ ಸಿನಿಮಾ ಅರ್ಧದ್ದು, ಖರೇ ಸಿನಿಮಾದಲ್ಲಿ ಚಂಪಾ ಗಂಡನನ್ನು ವಾಪಸು ಕರೆದುಕೊಳ್ಳುವುದಿಲ್ಲ, ನಿನಗೆ ಆ ಟೆಂಟಿನವರು ಮೋಸ ಮಾಡಿದ್ದಾರೆ, ಇಪ್ಪತ್ತೊಂದು ವರ್ಷ ನೀನು ಒಂದು ಸುಳ್ಳಿಗೆ ಕಾದಿದ್ದೀ...

ಹಣಮಮ್ಮ ಕುಂಚ ಅದ್ದಿದಳು.

"ಹಂಗೇನು?" ಎಂದಳು. "ಆ ಸುಣ್ಣದ ಗಡಿಗಿ ಇತ್ಲಾಗ ಸರಸು."

ಅಷ್ಟೇ. ಕಣ್ಣಿನಿಂದ ನೋಡದೆ ಇವಳು ನಂಬುವವಳಲ್ಲ ಎಂದು ಸಾಯಬಮ್ಮ ತೀರ್ಮಾನಿಸಿದಳು. ಶುಕ್ರವಾರದೊಳಗೆ ಆ ಹದಿನಾಲ್ಕನೇ ರೀಲು ಅವ್ವನ ಕಣ್ಣಮುಂದೆ ಓಡಬೇಕು. ಇಲ್ಲದಿದ್ದರೆ ಆ ಮನುಷ್ಯ ಸುಣ್ಣ ಬಳಿದ ಮನೆಯೊಳಗೆ ಬಂದು ಕೂರುತ್ತಾನೆ, ಸಾಯುವ ತನಕ ಏಳುವುದಿಲ್ಲ.

* * *

ಬುಧವಾರ ಶಾಲೆ ಬಿಡುವ ಹೊತ್ತಿಗೆ ತಾಯಪ್ಪನೇ ಅವಳನ್ನು ಕೇಳಿಕೊಂಡು ಅವಳ ಊರು ದೇವಾಪುರಕ್ಕೆ, ಅವಳು ಪಾಠ ಹೇಳುವ ಶಾಲೆಗೆ ಬಂದ. ಯಾರದೋ ಸುಟ್ಟ ಮೋಟಾರು ಒಯ್ಯಲು ಬಂದಿದ್ದೇನೆ ಎಂದ. ಆದರೆ ಅವನ ಗಾಡಿಯ ಹಿಂದೆ ಮೋಟಾರೂ ಇರಲಿಲ್ಲ, ಕಟ್ಟಲು ಹಗ್ಗವೂ ಇರಲಿಲ್ಲ.

"ಸುಳ್ಳ ಹೇಳೂದು ನಿಮಗ ಬರಂಗಿಲ್ರಿ," ಸಾಯಬಮ್ಮ ಹೇಳಿದಳು. "ಇಷ್ಟು ವರ್ಷ ಅದರದೇ ಮ್ಯೂಸಿಯಂ ಇಟ್ಟೀರಿ, ಇನ್ನೂ ಕಲ್ತಿಲ್ಲ."

ಇಬ್ಬರೂ ಕಾಲುವೆಯ ಏರಿಯ ಮೇಲೆ ನಿಂತಿದ್ದರು. ನೀರು ಕೆಂಪಗೆ, ತುಂಬಿ ಹರಿಯುತ್ತಿತ್ತು. ಸೋಮವಾರದಿಂದ ಎರಡು ದಿನ ತಾನು ತಂತಿ ಸುತ್ತಿದ್ದೆಲ್ಲ ತಪ್ಪಾಗಿದೆ, ಒಂದು ಮೋಟಾರಿಗೆ ಮೂರು ಸಲ ಬಿಚ್ಚಿ ಸುತ್ತಿದೆ ಎಂದು ತಾಯಪ್ಪ ಹೇಳಿದ. ಯಾಕೆಂದು ಅವಳು ಕೇಳಲಿಲ್ಲ. ಅವನು ನೀರು ನೋಡುತ್ತ ಹೇಳತೊಡಗಿದ.

ರೀಲು ಇತ್ತು. ಉಸ್ತಾದನ ಮಂಚದ ಕೆಳಗೆ, ಬೀಗ ಹಾಕಿದ ಟ್ರಂಕಿನಲ್ಲಿ. ಇಪ್ಪತ್ತೇಳು ವರ್ಷದ ಹಿಂದೆ ಸಿನಿಮಾ ಟೆಂಟಿಗೆ ಬಂದಾಗ ಮೊದಲ ಆಟದಲ್ಲಿ ಹದಿನಾಲ್ಕೂ ರೀಲು ಓಡಿದ್ದವು. ಬಂದ ಗಂಡನಿಗೆ ಚಂಪಾ ಬೆನ್ನು ತೋರಿಸಿ ನಡೆದಾಗ ಗಂಡಸರ ಕಡೆಯಿಂದ ಪರದೆಗೆ ಕಲ್ಲು ಬಿದ್ದವು. ಹೆಂಗಸರ ಕಡೆ ಮಾತ್ರ ಮೂರು ಮಂದಿ ಚಪ್ಪಾಳೆ ಹೊಡೆದರು. ಅವತ್ತು ಆ ಮೂವರ ಮನೆಯಲ್ಲೂ ಗಂಡಂದಿರು ಅವರನ್ನು ಹೊಡೆದರು. ಒಬ್ಬಳ ಕೈ ಮುರಿಯಿತು. ಮರುದಿನ ಅದನ್ನು ಕೇಳಿದ ದಸ್ತಗೀರಸಾಬ ಬ್ಲೇಡು ತೆಗೆದುಕೊಂಡು ಕೂತ. ಹದಿನಾಲ್ಕನೇ ರೀಲಿನ ತುದಿಯಿಂದ 'ಶುಭಂ' ಎಂಬ ತುಂಡನ್ನು ಕತ್ತರಿಸಿ ಹದಿಮೂರನೇ ರೀಲಿನ ತುದಿಗೆ ಅಂಟಿಸಿದ. ಗಂಡ ದಡಕ್ಕೆ ಕಾಲಿಟ್ಟ, ಚಂಪಾ ಎದ್ದು ನಿಂತಳು, ಶುಭಂ. ಮುಂದೆ ಯಾವ ಆಟದಲ್ಲೂ ಕಲ್ಲು ಬೀಳಲಿಲ್ಲ, ಯಾರ ಮನೆಯಲ್ಲೂ ಹೊಡೆತ ಬೀಳಲಿಲ್ಲ. ಸಿನಿಮಾ ಕೊಟ್ಟ ಕಂಪನಿ ಮುಳುಗಿ ಪ್ರಿಂಟು ಇಲ್ಲೇ ಉಳಿಯಿತು, ಸುಳ್ಳೂ ಇಲ್ಲೇ ಉಳಿಯಿತು.

"ನಾ ಇರೋತನಕ ಆ ಡಬ್ಬಿ ತೆಗಿಬ್ಯಾಡ ಅಂತ ಉಸ್ತಾದ್ ನನ್ನಿಂದ ಕಸಂ ಮಾಡಿಸ್ಯಾರ್ರಿ. ನನ್ನ ಸಾಕಿದವರು ಅವರು. ಹ್ಯಾಂಗ ಮೀರ್ಲಿ?"

ಬ್ಲೇಡು ಹಿಡಿದು ಕೂತ ಆ ಆಪರೇಟರನ ಮೇಲೆ ಸಾಯಬಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಾರದಿದ್ದದ್ದಕ್ಕೆ ತಾಯಪ್ಪನ ಮೇಲೆ ಬಂತು. ಅಪ್ಪನ ಕಾಗದ, ಸುಣ್ಣ, ಹಸಿರು ಸೀರೆ, ಎಲ್ಲವನ್ನೂ ಅವನ ಮುಖಕ್ಕೆ ಎಸೆದಂತೆ ಹೇಳಿದಳು.

"ಹೆಂಗಸರಿಗೆ ಹೊಡ್ತ ಬೀಳಬಾರದು ಅಂತ ಹೆಂಗಸರಿಗೇ ಸುಳ್ಳ ತೋರಿಸಿದ್ರಿ. ಹೊಡದವರಿಗೆ ಏನ್ ಮಾಡಿದ್ರಿ? ಟಿಕೀಟ್ ಕೊಟ್ಟು ಮುಂದಿನ ಬೆಂಚಿಗೆ ಕುಂಡ್ರಿಸಿದ್ರಿ. ಒಳ್ಳೆ ಮಂದಿ ನೀವು. ಬಾಳ ಒಳ್ಳೆ ಮಂದಿ. ನಿಮ್ಮಂಥ ಒಳ್ಳೆಯವರ ಕೈಯಾಗೇ ನಮ್ಮವ್ವ ಹಾಳಾದ್ಲು."

ಅವನ ಮುಖ ಬಿಳಿಚಿಕೊಂಡಿತು. "ಮೇಡಂ, ನಾನು..."

"ಹೋಗ್ರಿ. ನಿಮ್ಮ ಬಾಚಣಿಗಿ ಕಾಯ್ಕೊಂಡು ಕುಂಡ್ರಿ. ಹೇಡಿಗೆ ಅದೇ ತಕ್ಕ ಕೆಲಸ."

ತಾಯಪ್ಪ ಗಾಡಿ ಹತ್ತಿದ. ಹೋಗುವಾಗ ಹಿಂದಿರುಗಿ ನೋಡಲಿಲ್ಲ. ಅವಳು ಮಾತ್ರ ಗಾಡಿ ಏರಿಯ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಲೇ ಇದ್ದಳು. 'ಸರಿಯಾಗಿ ಹೇಳಿದೆ,' ಎಂದುಕೊಂಡಳು. ಮನೆ ತಲುಪುವ ತನಕ ಹತ್ತು ಸಲ ಎಂದುಕೊಂಡಳು. ಸರಿಯಾಗಿ ಹೇಳಿದ್ದನ್ನು ಹೀಗೆ ಮತ್ತೆ ಮತ್ತೆ ಯಾಕೆ ಅಂದುಕೊಳ್ಳಬೇಕು?

ಗುರುವಾರ ಇಡೀ ದಿನ ಅವನು ಬರಲಿಲ್ಲ. ಬರುತ್ತಾನೆಂದು ಅವಳು ಕಾದಿರಲಿಲ್ಲ. ಶಾಲೆಯ ಕಿಟಕಿಯಿಂದ ರಸ್ತೆ ಕಾಣುತ್ತಿತ್ತು, ಅಷ್ಟೇ.

* * *

ಶುಕ್ರವಾರ ಹಣಮಮ್ಮ ಹಸಿರು ಸೀರೆ ಉಟ್ಟಳು. ಹಣೆಗೆ ದೊಡ್ಡ ಕುಂಕುಮ, ತಲೆಗೆ ಎಣ್ಣೆ. ನಲವತ್ತೆಂಟರ ಹೆಣ್ಣು ಹೊಸ ಮದುಮಗಳಂತೆ ಬಸ್ಸಿನಲ್ಲಿ ಕೂತಿದ್ದನ್ನು ನೋಡಲಾಗದೆ ಸಾಯಬಮ್ಮ ಕಿಟಕಿಯಾಚೆ ಮುಖ ತಿರುಗಿಸಿದಳು.

ಸುರಪುರದ ಬಸ್ ನಿಲ್ದಾಣದಲ್ಲಿ ಈಶಪ್ಪ ಇಳಿದ. ಕಪ್ಪು ಬಣ್ಣ ಹಚ್ಚಿದ ತಲೆ, ಕೈಯಲ್ಲಿ ಒಂದು ಬ್ರೀಫ್‌ಕೇಸು, ಮುಖದಲ್ಲಿ ಬಸ್ಸಿನೊಳಗೇ ಅಭ್ಯಾಸ ಮಾಡಿಕೊಂಡು ಬಂದಿದ್ದ ದುಃಖ. ಮಗಳ ತಲೆ ಸವರಲು ಕೈ ಎತ್ತಿದ. ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. ಕೈ ಗಾಳಿಯಲ್ಲೇ ಉಳಿಯಿತು. ಅದಕ್ಕೊಂದು ಕೆಲಸ ಕೊಡಲು ಅವನು ತನ್ನದೇ ತಲೆ ಸವರಿಕೊಂಡ.

ಅಷ್ಟರಲ್ಲಿ ತಾಯಪ್ಪ ಬಂದ. ಎರಡು ದಿನ ನಿದ್ದೆ ಮಾಡದ ಕಣ್ಣು. ಸಾಯಬಮ್ಮನನ್ನು ನೋಡದೆ ನೇರ ಹಣಮಮ್ಮನ ಮುಂದೆ ನಿಂತ.

"ಅವ್ವಾರ, ನಮ್ಮ ಉಸ್ತಾದ್ ಕರೀಲಿಕ್ಕೆ ಹೇಳ್ಯಾರ. ಚಂಪಾಳ ಸಿನಿಮಾದ ಕಡೀ ರೀಲು ನಿಮಗ ತೋರಿಸ್ಬೇಕಂತ."

ಹಣಮಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, ತೀರ ಸಹಜವಾಗಿ, ನೀನೂ ಬಾ ಎಂದಳು.

ದಾರಿಯಲ್ಲಿ ತಾಯಪ್ಪ ನಡೆದದ್ದನ್ನು ಸಾಯಬಮ್ಮನಿಗೆ ತಗ್ಗಿದ ದನಿಯಲ್ಲಿ ಹೇಳಿದ. ಬುಧವಾರ ಸಂಜೆ ಅವನು ಉಸ್ತಾದನ ಮುಂದೆ ಕೂತು ಅವಳು ಆಡಿದ ಮಾತುಗಳನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ್ದ, ಹೇಡಿ ಎಂದದ್ದನ್ನೂ ಸೇರಿಸಿ. ಮುದುಕ ಒಂದು ದಿನ ಊಟ ಬಿಟ್ಟ. ಗುರುವಾರ ಸಂಜೆ ತಾನೇ ಟ್ರಂಕಿನ ಬೀಗ ತೆಗೆದ. ತಾನೇ ಬ್ಲೇಡಿನಲ್ಲಿ ಕೆರೆದು, ತಾನೇ ಅಂಟು ಹಚ್ಚಿ, 'ಶುಭಂ' ತುಂಡನ್ನು ಅದರ ಹಳೆಯ ಜಾಗಕ್ಕೆ ಕೂಡಿಸಿದ. ಕಸಂ ಮಾಡಿಸಿದವನೇ ಆ ಆಣೆಯನ್ನು ಬಿಡಿಸಿದ.

ಸಾಯಬಮ್ಮನ ಹೆಜ್ಜೆ ನಿಧಾನವಾಯಿತು, ಅವನ ಹೆಜ್ಜೆಗೆ ಸರಿಯಾಗುವಷ್ಟು.

ಶೆಡ್ಡಿನ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ನಡುವೆ ಮೊಳಕಾಲೆತ್ತರದ ಗೋಡೆ, ಒಂದು ಕಡೆ ಹೆಂಗಸರು, ಒಂದು ಕಡೆ ಗಂಡಸರು, ಹಳೆಯ ಟೆಂಟಿನ ಪ್ರಕಾರ. ಹಣಮಮ್ಮ ಹೆಂಗಸರ ಕಡೆ ಮುಂದೆ ಕೂತಳು. ಈಶಪ್ಪ ಗೋಡೆಯಾಚೆ ಕೂತು ಬ್ರೀಫ್‌ಕೇಸನ್ನು ತೊಡೆಯ ಮೇಲಿಟ್ಟುಕೊಂಡ. ದಸ್ತಗೀರಸಾಬ ಪ್ರೊಜೆಕ್ಟರಿನ ಪಕ್ಕ ನಿಂತ. ತಾಯಪ್ಪ ದೀಪ ಹೊತ್ತಿಸಲು ಅದರ ಎರಡು ಕಾರ್ಬನ್ ಕಡ್ಡಿಗಳನ್ನು ಹತ್ತಿರ ತಂದ. ಪರದೆಯ ಮೇಲೆ ಬೆಳಕು ಬಿತ್ತು.

ಹದಿಮೂರನೇ ರೀಲಿನ ಕೊನೆ. ಹೊಳೆ, ಸಂಜೆ, ದಡದಲ್ಲಿ ಚಂಪಾ. ಗಂಡ ಬಂದ. ಈಶಪ್ಪ ಕತ್ತಲೆಯಲ್ಲಿ ಮೆಲ್ಲಗೆ ನಕ್ಕು, ಇದನ್ನು ಹೊಸದಾಗಿ ಮದುವೆಯಾದಾಗ ಕೂಡಿಯೇ ನೋಡಿದ್ದೆವು, ನೆನಪಿದೆಯಾ ಎಂದು ಹೆಂಡತಿಯನ್ನು ಕೇಳಿದ. ನೆನಪಿದೆ ಎಂದಳು ಹಣಮಮ್ಮ.

ಗಂಡ ದಡಕ್ಕೆ ಕಾಲಿಟ್ಟ. ಚಂಪಾ ಎದ್ದು ನಿಂತಳು.

ಶುಭಂ ಬರಲಿಲ್ಲ.

ಹದಿನಾಲ್ಕನೇ ರೀಲು ಗೀರುಗಳೇ ಇಲ್ಲದೆ ಓಡಿತು. ಒಂದೇ ಒಂದು ಸಲ ಓಡಿದ ರೀಲು. ಗಂಡ ಹೆಸರು ಹಿಡಿದು ಕರೆದ. ಚಂಪಾ ಅವನ ಮುಖವನ್ನು ಬಹಳ ಹೊತ್ತು ನೋಡಿದಳು, ಬೆಲೆ ಕೇಳಿ ಬೇಡವೆಂದು ಇಟ್ಟುಬಿಡುವ ವಸ್ತುವನ್ನು ನೋಡುವಂತೆ. ಹರಗೋಲು ಹತ್ತಿದಳು. ಅವನು ಎರಡನೇ ಸಲ ಕರೆದ, ಮೂರನೇ ಸಲ ಕರೆದ. ಆಚೆ ದಡದಲ್ಲಿ ಅವಳು ಇಳಿದು ಖಾಲಿ ಹರಗೋಲನ್ನು ಹೊಳೆಗೆ ನೂಕಿದಳು. ಆಮೇಲೆ ನಡೆದಳು. ಬೆನ್ನು ಚಿಕ್ಕದಾಗುತ್ತ ಹೋಯಿತು.

ಆಗ ಶೆಡ್ಡಿನಲ್ಲಿ ಚಪ್ಪಾಳೆ ಕೇಳಿತು.

ಹಣಮಮ್ಮ ಚಪ್ಪಾಳೆ ತಟ್ಟುತ್ತಿದ್ದಳು. ನಿಧಾನವಾಗಿ, ಒಂದೊಂದಾಗಿ. ಗೋಡೆಯಾಚೆ ಈಶಪ್ಪ ಎದ್ದುಬಿಟ್ಟ. ಬ್ರೀಫ್‌ಕೇಸು ಕೆಳಗೆ ಬಿತ್ತು. ಆ ಚಪ್ಪಾಳೆ ಅವನಿಗೆ ಗುರುತಿತ್ತು.

ತಾಯಪ್ಪ ಕಂಬಳಿ ಸರಿಸಿದ. ಬಿಸಿಲು ಒಳಬಂತು. ಹಣಮಮ್ಮ ಎಡಗೈ ಮಣಿಕಟ್ಟನ್ನು ಮುಂದೆ ಚಾಚಿದಳು. ಸೊಟ್ಟಗೆ ಕೂಡಿಕೊಂಡ ಮೂಳೆ. ಬಾವಿಯಲ್ಲಿ ಬಿದ್ದಾಗ ಮುರಿದದ್ದೆಂದು ಸಾಯಬಮ್ಮ ಹುಟ್ಟಿದಾಗಿನಿಂದ ಕೇಳಿಕೊಂಡು ಬಂದದ್ದು.

"ಮೊದಲ ಆಟದಾಗ ನಾನೂ ಚಪ್ಪಾಳಿ ಹೊಡದಿದ್ದೆ," ಹಣಮಮ್ಮ ದಸ್ತಗೀರಸಾಬನಿಗೆ ಹೇಳಿದಳು. "ಅವತ್ತ ಇವ ಈ ಕೈ ಮುರದ. ಆಮ್ಯಾಲ ಆರು ಸಲ ಬಂದೆ ಚಾಚಾ ನಿಮ್ಮ ಟೆಂಟಿಗೆ. ಒಂದ್ ಸಲರೆ ಅದು ಮತ್ತ ಬರ್ತದೇನೋ ಅಂತ. ಬರಲಿಲ್ಲ. ಅದಕ್ಕ ಅಳ್ತಿದ್ದೆ. ಮಂದಿ ಗಂಡ ಬಂದಿದ್ದಕ್ಕ ಅಳ್ತಾಳ ಅಂದ್ರು."

ಮುದುಕ ಎರಡೂ ಕೈ ಜೋಡಿಸಿದ. ತಾನು ಮಾಡಿದ್ದು ಗುನಾಹ, ಮಾಫ್ ಮಾಡು ಬೇಟಿ ಎಂದ. ಹಣಮಮ್ಮ ತಲೆಯಾಡಿಸಿದಳು, ಕ್ಷಮಿಸಿದಳೋ ಇಲ್ಲವೋ ತಿಳಿಯದ ಹಾಗೆ. ಆಮೇಲೆ ಗಂಡನ ಕಡೆ ತಿರುಗಿದಳು.

"ನಾ ಉಡಿಕಿ ಆಗಿದ್ರ ನೀ ಬಂದು, ನೋಡ್ರಿ ಅಕಿನೇ ನನ್ನ ಬಿಟ್ಟು ಹೋದ್ಲು ಅಂತಿದ್ದಿ. ಆ ಮಾತು ನಿನಗ ಸಿಗಬಾರದಿತ್ತು. ನೀ ಬರಬೇಕಿತ್ತು ಈಶಪ್ಪ. ಬಂದು ನನ್ನ ಮುಂದ ನಿಲ್ಲಬೇಕಿತ್ತು. ನೀ ಬರದ ನಾ ಬೆನ್ನ ಹ್ಯಾಂಗ ತೋರಿಸ್ಲಿ? ಅದಕ್ಕ ಕಾದೆ. ಈಗ ಹೋಗು."

ಈಶಪ್ಪ ಬಗ್ಗಿ ಬ್ರೀಫ್‌ಕೇಸು ಎತ್ತಿಕೊಂಡ. ಕೊನೆಗೆ ಅವನ ಬಾಯಿಂದ ಹೊರಬಿದ್ದದ್ದು ಒಂದೇ ಮಾತು.

"ಮತ್ತ... ಹೊಲ?"

ಹಣಮಮ್ಮ ನಕ್ಕಳು. ಎಷ್ಟೋ ವರ್ಷದಿಂದ ಬೇಕಾಗಿದ್ದ ಊಟ ಉಂಡವಳ ಹಾಗಿತ್ತು ಆ ನಗು. ಹಸಿರು ಸೀರೆಯ ಸೆರಗು ಸರಿಪಡಿಸಿಕೊಂಡು ಅವಳು ಬಾಗಿಲ ಕಡೆ ನಡೆದಳು. ಮಗಳು ಅಡ್ಡ ಬಂದು, ಇಷ್ಟು ವರ್ಷ ಇದನ್ನು ತನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ನೀ ಯಾವತ್ತ ಕೇಳಿದಿ ಯವ್ವ?" ಹಣಮಮ್ಮ ಅವಳ ಗಲ್ಲ ಮುಟ್ಟಿದಳು. "ನೀ ಬೈದಿ. ನಾ ಬೈಸ್ಕೊಂಡೆ."

ಹೊರಗೆ ಚಾ ಕುಡಿಯುತ್ತ ಕೂತಿರುತ್ತೇನೆ, ನಿಧಾನ ಬಾ ಎಂದು ಹೇಳಿ ಅವಳು ದಸ್ತಗೀರಸಾಬನ ಜೊತೆ ಹೊರಟುಹೋದಳು. ಈಶಪ್ಪ ಯಾವಾಗ ಹೋದನೆಂದು ಯಾರೂ ಗಮನಿಸಲಿಲ್ಲ.

* * *

ತಾಯಪ್ಪ ಕೈಯಿಂದ ರೀಲು ವಾಪಸು ಸುತ್ತುತ್ತಿದ್ದ. ಸಾಯಬಮ್ಮ ಬೆಂಚಿನ ಮೇಲೆ ಕೂತು ಅಳುತ್ತಿದ್ದಳು. ಅಳುವಾಗಲೂ ಅವಳಿಗೆ ತನ್ನ ಮೇಲೆ ತಾತ್ಸಾರವೇ. ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿದ್ದು ಅವ್ವನ ಕೈ ಯಾಕೆ ಸೊಟ್ಟಗಿದೆ ಎಂದು ತಿಳಿಯದವಳು, ಡಬ್ಬಿಗಳ ಲೆಕ್ಕ ಹಿಡಿದು ಬೀಗಿದ್ದಳು!

ಅವನು ಬಂದು ನೀರಿನ ಲೋಟ ಇಟ್ಟ. ಸ್ವಲ್ಪ ದೂರದಲ್ಲಿ, ನಡುಗೋಡೆಯ ಆಚೆ, ಗಂಡಸರ ಕಡೆಯೇ ಕೂತ.

"ಬೈರಿ," ಸಾಯಬಮ್ಮ ಹೇಳಿದಳು. "ನಿಮಗ ಹಕ್ಕದ. ಹೇಡಿ ಅಂದೀನಿ ನಿಮಗ."

"ಹೇಡಿನೇ ಇದ್ದೆ. ಬುಧವಾರತನಕ."

"ನಾ ಒಳ್ಳೆ ಮಾತ ಆಡಾಕಿ ಅಲ್ರಿ. ಯಾರಿಗೂ ಆಡಿಲ್ಲ. ಇವತ್ತ ಗೊತ್ತಾತು, ಅವ್ವನಿಗೂ ಆಡಿಲ್ಲ."

ತಾಯಪ್ಪ ತನ್ನ ಅಂಗೈ ನೋಡಿಕೊಂಡ. ಈ ಶೆಡ್ಡಿಗೆ ಇಷ್ಟು ವರ್ಷ ಬಂದವರೆಲ್ಲ ಗೋಡೆ ಓದಿ ತಲೆಯಾಡಿಸಿ ಹೋದರು ಎಂದ. ಪ್ರತಿ ಸಲವೂ ತನ್ನ ಎದೆಯೊಳಗೆ ಒಂದು ಕಲ್ಲು ಬೀಳುತ್ತಿತ್ತು ಎಂದ. ಸೋಮವಾರ ಒಬ್ಬಳು ಬಂದು, ಮುಖ ಕೂಡ ನೋಡದೆ, ಇದು ಸುಳ್ಳು ಎಂದಾಗ ಮೊದಲ ಸಲ ತನಗೆ ಉಸಿರು ಸರಾಗವಾಯಿತು ಎಂದ.

"ಅದಕ್ಕ ನಕ್ಕೀರೇನು ಅವತ್ತು?"

"ಹೌದ್ರಿ."

"ನಾ ಅದಕ್ಕೇ ಸಿಟ್ಟಾದೆ."

"ಗೊತ್ತದರಿ." ಅವನು ತಲೆ ಎತ್ತಿದ. "ಮೇಡಂ, ನನಗ ಚಂದ ಮಾತಾಡಾಕ ಬರಂಗಿಲ್ಲ. ನೀವು ದಿನಾ ಬಂದು ಬೈದ್ರೂ ನಡೀತದ. ಬರದಿದ್ರ ನಡೆಯಂಗಿಲ್ಲ. ನನ್ನ ಲಗ್ನ ಆಗ್ತೀರೇನ್ರಿ?"

ಇಂಥ ಕಡೆ ಆಡಲು ಸಾಯಬಮ್ಮನ ಬಾಯಲ್ಲಿ ನೂರು ಚುಚ್ಚುಮಾತು ಸದಾ ತಯಾರಿರುತ್ತಿದ್ದವು. ಹುಡುಕಿದಳು... ಒಂದೂ ಸಿಗಲಿಲ್ಲ.

"ಇದನ್ನ ನಮ್ಮವ್ವನ ಮುಂದ ಕೇಳ್ಬೇಕು," ಎಂದಳು, ನೆಲ ನೋಡುತ್ತ.

"ಅವ್ವಾರನ್ನ ಆಮ್ಯಾಲ ಕೇಳ್ತೀನಿ. ಮೊದಲ ನಿಮ್ಮನ್ನ ಕೇಳಾಕತ್ತೇನಿ."

ಅವಳು ಎದ್ದಳು. ಮೊಳಕಾಲೆತ್ತರದ ಆ ಗೋಡೆಯನ್ನು ಸೀರೆ ಎತ್ತಿ ಹಿಡಿದು ದಾಟಿದಳು. ಗಂಡಸರ ಕಡೆಯ ಬೆಂಚಿನ ಮೇಲೆ, ಅವನ ಪಕ್ಕದಲ್ಲಿ, ಒಂದು ಗೇಣು ಜಾಗ ಬಿಟ್ಟು ಕೂತಳು.

"ಲಗ್ನ ಆಗಾಕಿಗೆ ಯಾರರೆ ಮೇಡಂ ಅಂತಾರೇನು?"

"ಮತ್ತ... ಏನಂತ ಕರೀಲಿ?"

"ಹೆಸರಿಲ್ಲೇನು ನನಗ?"

ತಾಯಪ್ಪ ಗಂಟಲು ಸರಿಮಾಡಿಕೊಂಡ. ಅವನ ಕಿವಿ ಕೆಂಪಾಗಿತ್ತು.

"ಸಾಯಬಮ್ಮ."

ಅವಳು ಬರಿದಾದ ಬಿಳಿ ಪರದೆಯ ಕಡೆ ಮುಖ ಮಾಡಿದಳು, ತುಟಿ ಕಚ್ಚಿ ನಗು ತಡೆದಳು.

"ಒನ್ಸ್ ಮೋರ್," ಎಂದಳು, ಅವನಿಗಷ್ಟೇ ಕೇಳುವ ಹಾಗೆ.